ಪೂನಮ್‌ಗೆ ಬರಬೇಕಾಗಿದ್ದ ಜ್ವರ

ಜ್ವರ ಬಂದಿದೆ ಎಂದು ಹೇಳುವುದು ಅಷ್ಟೇನೂ ದೊಡ್ಡ ಸುಳ್ಳಲ್ಲ. ಪರೀಕ್ಷೆ ಹತ್ತಿರ ಬಂದಾಗ ಯಾವ ಮಗುವಿನ ಮೈ ಬೆಚ್ಚಗಾಗುವುದಿಲ್ಲ? ಅಷ್ಟಕ್ಕೂ ಇದರಲ್ಲಿ ಹುಡುಗಿ ಕಳೆದುಕೊಳ್ಳುವುದಾದರೂ ಏನು? ಮೊದಲನೇ ಪರೀಕ್ಷೆಗೆ ಗೈರಾದರೆ ಎರಡನೆಯದಕ್ಕೆ ಕೂಡಬಹುದು, ಅದೂ ತಪ್ಪಿದರೆ ಮೂರನೆಯದಿದೆ. ಸರ್ಕಾರವೇ ಮೂರು ಬಾಗಿಲು ತೆರೆದಿಟ್ಟಿರುವಾಗ ಮೊದಲನೆಯದರಿಂದಲೇ ಒಳಗೆ ಹೋಗಬೇಕೆಂಬ ಹಟ ಯಾಕೆ? ಹೀಗೆ ಯೋಚಿಸುತ್ತಿರುವುದು ತಾನೋ ಅಥವಾ ನಿನ್ನೆ ದಾಕ್ಷಾಯಿಣಿ ಮೇಡಂ ಆಡಿದ ಮಾತೇ ತನ್ನ ತಲೆಯಲ್ಲಿ ಕೂತು ಮಾತಾಡುತ್ತಿದೆಯೋ ತಿಳಿಯದೆ, ಗೌತಮ ಲಕಮನಹಳ್ಳಿಯ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ ನಿಂತಿದ್ದ.

ಅಲ್ಲಿಂದ ನಾಲ್ಕನೆಯ ಮನೆ ಪೂನಮ್‌ಳದು.

ಗೌತಮ ಅದೇ ಭಾಗದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಹತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಶಿಕ್ಷಕರಿಗೆ ಹಂಚಿಕೊಡುವ ಪದ್ಧತಿ ಅಲ್ಲಿತ್ತು. ಅದಕ್ಕೆ ದತ್ತು ತೆಗೆದುಕೊಳ್ಳುವುದು ಎನ್ನುತ್ತಿದ್ದರು. ದತ್ತು ತೆಗೆದುಕೊಂಡವರು ನಸುಕಿನಲ್ಲಿ ಮಕ್ಕಳಿಗೆ ಫೋನು ಮಾಡಿ ಎಬ್ಬಿಸಬೇಕು. ಎದ್ದು ಓದಲು ಕೂತಿದ್ದಕ್ಕೆ ಗುರುತಾಗಿ ಮಗು ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಆಟ ಕಲಿಸುವ ಮಲ್ಲಿಕಸಾಬ ಇದನ್ನು ಗೇಲಿ ಮಾಡದ ದಿನವಿಲ್ಲ. "ನಮ್ಮ ಮನ್ಯಾಕಿ ಕೇಳ್ತಾಳ್ರೀ, ಇಷ್ಟ ನಸುಕಿನ್ಯಾಗ ಯಾರದು ಮಿಸ್ ಕಾಲು ಅಂತ. ಸಾಲಿ ಹುಡುಗಂದು ಅಂದ್ರ ನಂಬಾಕ ತಯಾರಿಲ್ಲ. ಒಂದಿನ ಆಕೀನ ಎತ್ತಿ ಮಾತಾಡಿದ್ಲು, ಆ ಹುಡುಗ ಹೆದರಿ ಎರಡು ದಿನ ಸಾಲೀಗೇ ಬರ್ಲಿಲ್ಲ."

ಗೌತಮನ ಪಾಲಿಗೆ ಬಂದ ಮಕ್ಕಳಲ್ಲಿ ಎಲ್ಲರಿಗಿಂತ ಬೇಗ ಮಿಸ್ಡ್ ಕಾಲ್ ಕೊಡುತ್ತಿದ್ದವಳು ಪೂನಮ್. ಅವಳು ಗೋವಾದಲ್ಲಿ ಬೆಳೆದವಳು. ತಾಯಿ ಅಲ್ಲಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಮಗಳನ್ನು ಹತ್ತಿರದ ಮರಾಠಿ ಶಾಲೆಗೆ ಹಾಕಿದ್ದಳು. ಎಂಟನೇ ತರಗತಿಗೆ ಹುಡುಗಿಯನ್ನು ಆಯಿಯ, ಅಂದರೆ ತನ್ನ ತಾಯಿಯ, ಹತ್ತಿರ ಧಾರವಾಡಕ್ಕೆ ಕಳಿಸಿದಾಗ ಅವಳಿಗೆ ಕನ್ನಡ ಆಡಲು ಬರುತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ಆ ತರಗತಿಯಲ್ಲಿ ಅದೇನೂ ವಿಶೇಷವಾಗಿರಲಿಲ್ಲ. ಕಾರ್ಖಾನೆಗಳ ಬೆನ್ನು ಹತ್ತಿ ಬಂದವರ ಮಕ್ಕಳೇ ಅಲ್ಲಿ ಹೆಚ್ಚು; ಒಬ್ಬರ ಮನೆಯಲ್ಲಿ ಉರ್ದು, ಇನ್ನೊಬ್ಬರಲ್ಲಿ ಲಂಬಾಣಿ, ಹಿಂದಿನ ಬೆಂಚಿನ ಇಬ್ಬರಿಗೆ ಭೋಜಪುರಿ. ಕನ್ನಡದಲ್ಲಿ ಕನಸು ಕಾಣುವವರು ಅರ್ಧಕ್ಕಿಂತ ಕಡಿಮೆ ಇದ್ದಾರು ಎಂದು ಗೌತಮನಿಗೆ ಅನಿಸುತ್ತಿತ್ತು. ಪೂನಮ್ ಕೂಡುವ ಲೆಕ್ಕ ಮಾಡುವಾಗ ತುಟಿಯಲ್ಲೇ 'ಹಾತಚಾ ಏಕ' ಎಂದು ಮರಾಠಿಯಲ್ಲಿ ದಶಕ ಹಿಡಿದುಕೊಂಡು, ಉತ್ತರವನ್ನು ಕನ್ನಡದಲ್ಲಿ ಇಳಿಸುತ್ತಿದ್ದಳು. ಲೆಕ್ಕ ಅವಳಿಗೆ ಬರುತ್ತಿತ್ತು. ಲೆಕ್ಕ ಏನು ಕೇಳುತ್ತಿದೆ ಎಂದು ಓದುವುದರಲ್ಲೇ ಹೊತ್ತು ಹೋಗುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನದಲ್ಲಿ ಬಿದ್ದಿದ್ದಳು.

ದಾಕ್ಷಾಯಿಣಿ ಮೇಡಂ ನಿನ್ನೆ ಅವನನ್ನು ಕರೆದದ್ದು ಅದಕ್ಕೇ.

ಮುಖ್ಯೋಪಾಧ್ಯಾಯಿನಿಯಾಗಿ ಅವರು ಈ ಶಾಲೆಗೆ ಬಂದಾಗಿನಿಂದ ಕೊಠಡಿಗಳಿಗಾಗಿ ಓಡಾಡುತ್ತಿದ್ದರು. ಒಂದು ಕೋಣೆಯ ಚಾವಣಿಯಿಂದ ಗಾರೆ ಕಳಚಿ ಬಿದ್ದ ಮೇಲೆ ಎಂಜಿನಿಯರು ಬಂದು ಅದಕ್ಕೆ ಬೀಗ ಹಾಕಿಸಿದ್ದ. ಅಂದಿನಿಂದ ಒಂಬತ್ತನೇ ತರಗತಿ ಹೊರಗಿನ ಕಟ್ಟೆಯ ಮೇಲೆ ನಡೆಯುತ್ತಿತ್ತು. ಇಲಾಖೆಗೆ ಹೋದ ಕಡತ ಬೆಂಗಳೂರು ಮುಟ್ಟಿ ಅಲ್ಲೇ ಉಳಿದಿತ್ತು. ಈಗ ಹೊಸ ಮಾತು ಹುಟ್ಟಿತ್ತು: ಕೊಠಡಿ ಇಲ್ಲದ ಶಾಲೆಯನ್ನು ಹೈವೇ ಆಚೆಯ ಶಾಲೆಯೊಂದಿಗೆ ವಿಲೀನ ಮಾಡುವುದು. ಹಾಗಾದರೆ ಈ ಓಣಿಯ ಹೆಣ್ಣುಮಕ್ಕಳು ಯಾರೂ ಆ ರಸ್ತೆ ದಾಟಿ ಹೋಗುವುದಿಲ್ಲ ಎಂದು ಮೇಡಂ ಸಭೆ ಸಭೆಯಲ್ಲಿ ಹೇಳಿ ಬಂದಿದ್ದರು. ಯಾರೂ ಕೇಳದಿದ್ದಾಗ ತಮ್ಮದೇ ಬಳಗದ ಹಿರಿಯ, ಹುಬ್ಬಳ್ಳಿಯ ಅರಳೆ ವ್ಯಾಪಾರಿ ಮುರುಗೆಪ್ಪನವರನ್ನು ಶಾಲೆಗೆ ಕರೆತಂದರು. ಅವರ ಮನೆತನದ್ದೊಂದು ಟ್ರಸ್ಟ್ ಇತ್ತು. ಮುರುಗೆಪ್ಪನವರು ಕಟ್ಟೆಯ ಮೇಲೆ ಕೂತ ಮಕ್ಕಳನ್ನು ನೋಡಿದರು. ಹೋಗುವಾಗ, ನಾಲ್ಕು ಕೊಠಡಿ ಕಟ್ಟಿಸಿಕೊಡೋಣ, ಆದರೆ ಟ್ರಸ್ಟಿನ ಉಳಿದವರು ಫಲಿತಾಂಶ ಕೇಳುತ್ತಾರೆ, ಈ ಸಲ ಮೊದಲನೇ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೋರಿಸಿಬಿಡಿ ಎಂದರು. ಅವರಿಗೆ ಅದು ದೊಡ್ಡ ಮಾತಾಗಿ ಕಂಡಿರಲಿಕ್ಕಿಲ್ಲ.

"ಯಾರನ್ನೂ ಹೊರಗ ಹಾಕ್ರಿ ಅಂತ ನಾ ಹೇಳವಲ್ಲೆ ಸರ್," ಎಂದಿದ್ದರು ಮೇಡಂ, ನಿನ್ನೆ, ಬಾಗಿಲು ಮುಂದೆ ಮಾಡಿ. "ನಪಾಸಾದವರು ಲೆಕ್ಕಕ್ಕ ಬರ್ತಾರ, ಗೈರಾದವರು ಬರಂಗಿಲ್ಲ. ಆರಾಮಿಲ್ಲ ಅಂತ ಮೊದಲನೇದಕ್ಕ ಮನ್ಯಾಗ ಇರಲಿ. ಎರಡನೇದಕ್ಕ ನಾನ ಕೈ ಹಿಡಕೊಂಡು ಕೂಡಸ್ತೇನಿ."

ಈಗ ಮೊದಲಿನ ಹಾಗಲ್ಲ, ಕೋಣೆ ಕೋಣೆಗೂ ಕ್ಯಾಮೆರಾ ಇದೆ, ಬಿದ್ದವರನ್ನು ಎತ್ತಲು ಯಾರಿಂದಲೂ ಆಗುವುದಿಲ್ಲ ಎಂದೂ ಹೇಳಿದರು. ಅವರ ಲೆಕ್ಕದಲ್ಲಿ ಇಬ್ಬರು ಮಕ್ಕಳಿದ್ದರು. ಮಲ್ಲಿಕಸಾಬನ ದತ್ತು ಅರಫಾತ, ಗೌತಮನ ದತ್ತು ಪೂನಮ್.

"ಆ ಮನೀಗೆ ನಾ ಹೋದ್ರ ಬ್ಯಾರೆ ಅರ್ಥ ಆಕ್ಕೈತಿ. ನೀವು ಹೋಗ್ರಿ. ನಿಮ್ಮ ಮಾತು ಕೇಳ್ತಾರ."

ತನ್ನ ಮಾತನ್ನೇ ಯಾಕೆ ಕೇಳುತ್ತಾರೆ ಎಂದು ಗೌತಮ ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಪೂನಮ್‌ಳ ಆಯಿ ಅವನದೇ ಜನ. ಇಬ್ಬರಿಗೂ ಅದು ಗೊತ್ತಿತ್ತು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಂದಿದ್ದರೆ ಸುಲಭವಾಗುತ್ತಿತ್ತು. ಅವನು ಈ ಶಾಲೆಗೆ ಸೇರಿದ ಮೊದಲ ವಾರ, ಶಿಕ್ಷಕರ ಕೋಣೆಯಲ್ಲಿ ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಡಬ್ಬಿಯೊಂದಿಗೆ ಒಂದು ಕಡೆಗೆ ಸರಿದು, ಅವನ ಪಕ್ಕದ ಕುರ್ಚಿ ಖಾಲಿ ಉಳಿದಿತ್ತು. ಮೇಡಂ ತಮ್ಮ ಕೋಣೆಯಿಂದ ಎದ್ದು ಬಂದು ಆ ಕುರ್ಚಿಯಲ್ಲಿ ಕೂತು, ಏನೂ ಹೇಳದೆ ಅವನ ಡಬ್ಬಿಯಿಂದ ಬದನೆಕಾಯಿ ಪಲ್ಯ ಬಡಿಸಿಕೊಂಡಿದ್ದರು. ಆ ಮೇಲೆ ಕುರ್ಚಿ ಖಾಲಿ ಉಳಿದದ್ದಿಲ್ಲ.

ಗೌತಮ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ನಡೆದ.

ಪೂನಮ್‌ಳ ಆಯಿ ಯಂಕವ್ವ ಆಗತಾನೇ ಕೆಲಸದಿಂದ ಬಂದಿದ್ದಳು. ಹತ್ತಿರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಅವಳದು. ನೀಲಿ ಏಪ್ರನ್ ಇನ್ನೂ ಮೈಮೇಲಿತ್ತು. "ಬಾ ತಮ್ಮಾ," ಎಂದವಳು ತಕ್ಷಣ "ಬರ್ರಿ ಸರ," ಎಂದು ತಿದ್ದಿ, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯದೆ ತಾನೇ ನಕ್ಕಳು. ಪಕ್ಕದ ಮನೆಯಿಂದ ಕುರ್ಚಿ ಬಂತು. ಪೂನಮ್ ಹಾಲು ತರಲು ಓಡಿದಳು. ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರು, ಅವರ ಕೆಳಗೆ ಪೂನಮ್‌ಳ ಪುಸ್ತಕದ ಚೀಲ.

ಯಂಕವ್ವ ಮಾತಿನವಳು. ಕೇಳದೆಯೇ ಎಲ್ಲ ಹೇಳಿದಳು. ಮಗಳು ದೀಪಾವಳಿಗೂ ಗೋವಾದಿಂದ ಬಂದಿಲ್ಲವಂತೆ. ಕ್ಯಾಂಟೀನಿನ ಗುತ್ತಿಗೆದಾರ ಪೂನಮ್‌ಳನ್ನು ನೋಡಿದಾಗಲೆಲ್ಲ, ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಖಾಲಿ ಇದೆ, ಹುಡುಗಿಯನ್ನು ಕಳಿಸು ಅನ್ನುತ್ತಾನಂತೆ. ಹತ್ತನೆಯದು ಮುಗಿಯಲಿ ಎಂದು ಇವಳು ತಳ್ಳುತ್ತ ಬಂದಿದ್ದಾಳೆ.

"ಮುಗದ ಮ್ಯಾಲ ಕಳಸ್ತೀರೇನು?" ಎಂದ ಗೌತಮ.

"ಯಾಂವ ಕಳಸ್ತಾನ? ಅವನ ಬಾಯಿ ಮುಚ್ಚಾಕ ಹಂಗ ಅಂದೇನಿ. ಪರೀಕ್ಷಿ ಅನ್ನೂದೊಂದು ಅಡ್ಡ ಇಟ್ಟೇನಿ ನೋಡ್ರಿ. ಪಾಸಾದ್ಲಂದ್ರ ಕಾಲೇಜಿಗೆ ಹೋದ್ಲು ಅಂತೇನಿ, ಮತ್ತೊಂದು ಅಡ್ಡ ಆತು. ಅದು ಸರಿದ ದಿನ ಅವ ಬಂದು ಬಾಗಲದಾಗ ನಿಂದರ್ತಾನ. ನನಗ ಕೆಲಸ ಕೊಟ್ಟಾವ ಅವನ. ಎಷ್ಟು ದಿನ ಇಲ್ಲ ಅನ್ನಲಿ?"

ಗೌತಮ ಮೂರು ವಾಕ್ಯಗಳನ್ನು ಬೈಕಿನ ಮೇಲೆ ಬರುವಾಗಲೇ ಜೋಡಿಸಿಕೊಂಡಿದ್ದ. ಮೊದಲನೆಯದು, ಪೂನಮ್ ಜಾಣ ಹುಡುಗಿ. ಎರಡನೆಯದು, ಆದರೆ ತಯಾರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಮೂರನೆಯದರಲ್ಲಿ ಜ್ವರ ಬರುತ್ತಿತ್ತು. ಮೊದಲನೆಯದನ್ನು ಹೇಳಿದ. ಯಂಕವ್ವನ ಮುಖ ಅರಳಿತು. ಅಷ್ಟರಲ್ಲಿ ಪೂನಮ್ ಹಾಲು ತಂದಳು. ಏನಾದರೂ ಕೇಳಬೇಕೆಂದು, ನಸುಕಿನಲ್ಲಿ ಎದ್ದು ಯಾವ ವಿಷಯ ಓದುತ್ತೀ ಎಂದು ಕೇಳಿದ. ಹುಡುಗಿ ಆಯಿಯ ಮುಖ ನೋಡಿದಳು, ಆಯಿ ಸ್ಟೋವಿನ ಕಡೆ ನೋಡಿದಳು. ಆಮೇಲೆ ಹೊರಬಿತ್ತು: ಮೊದಲ ಪಾಳಿಯ ಪಾತ್ರೆಗೆ ಆಯಿಯ ಜೊತೆ ಅವಳೂ ಕ್ಯಾಂಟೀನಿಗೆ ಹೋಗುತ್ತಾಳೆ. ಎಲ್ಲರಿಗಿಂತ ಮೊದಲು ಬರುತ್ತಿದ್ದ ಮಿಸ್ಡ್ ಕಾಲ್ ನಲ್ಲಿಯ ಪಕ್ಕದಿಂದ ಬರುತ್ತಿತ್ತು.

"ಎದ್ದಿದ್ದಂತೂ ಖರೇ ಅಲ್ರಿ ಸರ," ಎಂದಳು ಪೂನಮ್. ಮೂವರೂ ನಕ್ಕರು.

ನಗು ನಿಂತ ಮೇಲೆ ಕೋಣೆ ಬಹಳ ಸಣ್ಣದಾಯಿತು. ಇವಳು ಓದುತ್ತಿಲ್ಲ, ಬೀಳುತ್ತಾಳೆ ಎಂದಿತು ಮನಸ್ಸು. ಬಿದ್ದರೆ ಇವಳಿಗೂ ಉಪಯೋಗವಿಲ್ಲ, ಕಟ್ಟೆಯ ಮೇಲಿನ ಮಕ್ಕಳಿಗೂ ಇಲ್ಲ. ಈಗಲೇ ಹೇಳು. ಹೇಳಿದರೆ ಈ ಹೆಂಗಸು ಹೂಂ ಅನ್ನುತ್ತಾಳೆ, ಅದೇ ಭಯ. ಬೇರೆ ಯಾರು ಹೇಳಿದರೂ ಜಗಳ ತೆಗೆದಾಳು. ನೀನು ಹೇಳಿದರೆ, ತಮ್ಮ ಹುಡುಗ ಓದಿದವನು, ತಿಳಿದೇ ಹೇಳಿದ್ದಾನೆ ಎಂದು ಆ ಅಡ್ಡವನ್ನು ತಾನೇ ಸರಿಸುತ್ತಾಳೆ. ಎರಡನೇ ಪರೀಕ್ಷೆಯ ಹೊತ್ತಿಗೆ ಹುಡುಗಿ ಪ್ಯಾಕಿಂಗಿನಲ್ಲಿ ನಿಂತಿರುತ್ತಾಳೆ.

ಅವನು ಚಹಾ ಕುಡಿದ. ಯಂಕವ್ವ ಎದುರಿಗೆ ನೆಲದ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು.

"ಏನರ ಹೇಳಾಕ ಬಂದಿದ್ರೇನ್ರಿ?"

"ಇಲ್ರಿ ಆಯಿ. ಹಂಗ ಬಂದಿದ್ದೆ."

ಹೊರಗೆ ಬಂದು ಬೈಕು ಹತ್ತಿದ. ತಾನು ಮಾಡಿದ್ದು ಒಳ್ಳೆಯದೋ ಅಲ್ಲವೋ ಎಂದು ತನ್ನನ್ನೇ ಕೇಳಿಕೊಂಡ. ಅವನು ಏನನ್ನೂ ಮಾಡಿರಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ಬಂದಿದ್ದ, ಅಷ್ಟೇ. ಅದನ್ನು ಧೈರ್ಯ ಎನ್ನಲು ಅವನಿಗೆ ಮನಸ್ಸಾಗಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮೇಡಂ ಅವನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು. ಹೋಗಿದ್ದೆ ಮೇಡಂ ಎಂದ. ಅವರು ಅವನ ಮುಖ ನೋಡಿದರು. ಆ ಮುಖದಲ್ಲಿದ್ದ ಸಂಕಟವನ್ನು, ಕಷ್ಟದ ಕೆಲಸ ಮುಗಿಸಿ ಬಂದವನ ಸಂಕಟ ಎಂದು ಓದಿಕೊಂಡರು. "ನನಗ ಗೊತ್ತಿತ್ತು, ನಿಮ್ಮ ಕೈಯಾಗ ಆಕ್ಕೈತಿ ಅಂತ," ಎಂದು ಕಣ್ಣಂಚು ಒರೆಸಿಕೊಂಡು ತಿರುಗಿದರು. ಕರೆದು ಹೇಳಬಹುದಿತ್ತು. ಕೂಗಳತೆಯಲ್ಲೇ ಇದ್ದರು. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು; ಸಾಲು ಮುಗಿಯಲಿ ಎಂದು ಕಾದ, ಸಾಲು ಮುಗಿದಾಗ ಮೇಡಂ ಅಲ್ಲಿರಲಿಲ್ಲ.

ಅಂದಿನಿಂದ ಅವನು ಪೂನಮ್‌ಳನ್ನು ಊಟದ ಹೊತ್ತಿನಲ್ಲೂ ಶಾಲೆ ಬಿಟ್ಟ ಮೇಲೂ ಕೂಡಿಸಿಕೊಂಡ. ಗಣಿತ ಬಿಟ್ಟು ಸಮಾಜ ವಿಜ್ಞಾನ ಹೇಳಿಕೊಟ್ಟ. ಅವಳು ಒಂದು ಪ್ರಶ್ನೆಯನ್ನು ಬೆರಳಿಟ್ಟು ಓದಿ, ಕಣ್ಣು ಮುಚ್ಚಿ, ಮರಾಠಿಯಲ್ಲೇನೋ ಗೊಣಗಿ, ಕನ್ನಡದಲ್ಲಿ ಉತ್ತರ ಹೇಳುವಷ್ಟರಲ್ಲಿ ಅವನು ಎರಡು ಸಲ ಗಡಿಯಾರ ನೋಡುತ್ತಿದ್ದ. ಒಮ್ಮೆ ಮೇಡಂ ಕಿಟಕಿಯಲ್ಲಿ ನಿಂತು, ಎರಡನೇ ಪರೀಕ್ಷೆಗೆ ಈಗಿನಿಂದಲೇ ತಯಾರಿ ನಡೆದಿದೆಯೇ ಎಂದು ಮೆಚ್ಚುಗೆಯಿಂದ ಕೇಳಿದರು. ಗೌತಮ ಪುಸ್ತಕದ ಹಾಳೆ ತಿರುಗಿಸಿದ. ಪೂನಮ್ ತಲೆ ಎತ್ತಿ ಅವನನ್ನು ನೋಡಿದಳು. ಯಾವ ಎರಡನೇ ಪರೀಕ್ಷೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದನೋ ಅವನಿಗೆ ಗೊತ್ತಿರಲಿಲ್ಲ.

ಆ ವಾರವೇ ಅರಫಾತ ಶಾಲೆಗೆ ಬರುವುದು ನಿಂತಿತು. ಸತ್ತೂರಿನ ತನ್ನ ಮನೆಗೆ ಹೋಗುವ ದಾರಿಯಲ್ಲಿ ಗೌತಮ ಅವನನ್ನು ಕಂಡ. ಲಾರಿ ಗ್ಯಾರೇಜೊಂದರ ಮುಂದೆ, ತನ್ನ ಎದೆಯಷ್ಟು ಎತ್ತರದ ಟೈರನ್ನು ಉರುಳಿಸುತ್ತಿದ್ದ. ಸರ್ ಎಂದು ನಗುತ್ತ ಮಸಿ ಹತ್ತಿದ ಕೈ ಎತ್ತಿದ. ಮರುದಿನ ಮಲ್ಲಿಕಸಾಬನಿಗೆ ಇದನ್ನು ಹೇಳಿದಾಗ ಅವನು ಯಾವ ಗೇಲಿಯನ್ನೂ ಮಾಡಲಿಲ್ಲ. ಮೈದಾನದ ಅಂಚಿನಲ್ಲಿ ನಿಂತು ಕೈಯಲ್ಲಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ.

"ಅವರಪ್ಪ ಜಗಳಾ ಮಾಡ್ತಾನ ಅಂತ ತಿಳಕೊಂಡು ಹೋದೆ. ಅವ 'ನೀವು ಹೇಳಿದ್ರ ಹಂಗ ಆಗಲಿ ಸರ' ಅಂದ. ಅಷ್ಟ ಸರಳ ಆತು. ಅದ ತ್ರಾಸ ಆಗೇತಿ ನೋಡ್ರಿ ನನಗ." ಸೀಟಿಯನ್ನು ಜೇಬಿಗಿಳಿಸಿ, "ನಿಮ್ಮಾಕಿ ಏನಂದ್ಲು?" ಎಂದ.

ಗೌತಮ ಗಂಟೆ ಹೊಡೆಯಿತು ಎಂದ. ಹೊಡೆದಿತ್ತು ಕೂಡ.

ಹಾಲ್ ಟಿಕೆಟ್ ಕೊಡುವ ದಿನ ಮೇಡಂ ತಾವೇ ಕೂತು ಹಂಚುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಮಾತು, ಹುಡುಗಿಯರಿಗೆ ತಲೆ ನೇವರಿಕೆ. ಸಾಲಿನಲ್ಲಿ ಪೂನಮ್ ಇದ್ದಳು. ಗೌತಮ ಬಾಗಿಲಲ್ಲಿ ನಿಂತು ಅವಳ ಮುಂದಿನ ತಲೆಗಳು ಕಡಿಮೆಯಾಗುವುದನ್ನು ನೋಡಿದ. ಅವಳ ಸರದಿ ಬಂದಾಗ ಮೇಡಂ ಕೈ ಹಾಗೇ ನಿಂತಿತು. ಹುಡುಗಿಯನ್ನು ನೋಡಿದರು, ಅವಳ ತಲೆಯ ಮೇಲಿನಿಂದ ಗೌತಮನನ್ನು ನೋಡಿದರು. ಸಿಟ್ಟಿರಲಿಲ್ಲ, ಗೊಂದಲವಿತ್ತು. ಹೋಗಿ ಆಯಿಯನ್ನು ಕರೆದುಕೊಂಡು ಬಾ ಎಂದು ಪೂನಮ್‌ಗೆ ಹೇಳಿ, ಅವಳ ಹಿಂದಿನವಳನ್ನು ಕರೆದರು.

ಯಂಕವ್ವ ಬರುವವರೆಗೆ ಅವನು ಕಟ್ಟೆಯ ಮೇಲೆ ಒಂಬತ್ತನೆಯವರಿಗೆ ಪಾಠ ಮಾಡಬೇಕಿತ್ತು. ಹಲಗೆಯ ಮೇಲೆ ಸಮೀಕರಣ ಬರೆದ, ಅದನ್ನು ಬಿಡಿಸುವಾಗ ಚಿಹ್ನೆ ತಪ್ಪಿದ. ಮುಂದಿನ ಸಾಲಿನ ಹುಡುಗಿ ತಿದ್ದಿದಳು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಮಕ್ಕಳು ನೆರಳಿನ ಕಡೆ ಸರಿದು ಸರಿದು ಒಬ್ಬರ ಮೇಲೊಬ್ಬರು ಕೂತಿದ್ದರು. ಇವರ ಮುಂದೆ ನಿಂತು ಏನು ಹೇಳುತ್ತೀ, ಎಂದು ಅವನ ಮನಸ್ಸು ಕೇಳಿತು. ನಿಮಗೆ ಕೋಣೆ ಬೇಡವೆಂದು ನಾನು ತೀರ್ಮಾನ ಮಾಡಿದೆ ಎನ್ನುತ್ತೀಯಾ? ಈಗಲಾದರೂ ಮೇಡಂ ಕೋಣೆಗೆ ಹೋಗಿ, ನಾನು ಹೇಳಲಿಲ್ಲ, ಹೇಳುವುದು ಸರಿಯಲ್ಲ ಅನಿಸಿತು ಎಂದುಬಿಡು. ಯಂಕವ್ವ ಬರುವ ಮೊದಲೇ. ಚಾಕ್‌ಪೀಸು ಕೆಳಗಿಟ್ಟ. ಆಗಲೇ ಗೇಟಿನಲ್ಲಿ ನೀಲಿ ಏಪ್ರನ್ ಕಂಡಿತು.

ಅವನನ್ನೂ ಕರೆಸಿದರು.

ಮೇಡಂ ಕೂತುಕೊಳ್ಳಲು ಹೇಳಿದರೂ ಯಂಕವ್ವ ನಿಂತೇ ಇದ್ದಳು. ಪೂನಮ್ ಹೊರಗೆ ಬಾಗಿಲ ಬಳಿ ಇದ್ದಳು. ಗೌತಮನಿಗೆ ಕುರ್ಚಿ ಇತ್ತು, ಕೂತಿದ್ದ. ಮೇಡಂ ಮೊದಲು ಬಹಳ ಸಮಾಧಾನದಿಂದಲೇ ಮಾತಾಡಿದರು. ಹುಡುಗಿಯ ಒಳ್ಳೆಯದಕ್ಕೇ ಹೇಳಿದ್ದು, ಎರಡು ತಿಂಗಳ ಒಳಗೆ ಇನ್ನೊಂದು ಪರೀಕ್ಷೆ ಇದೆ, ಈ ಶಾಲೆ ಉಳಿದರೆ ನಿಮ್ಮ ಓಣಿಯ ಮಕ್ಕಳಿಗೇ ಉಳಿದಂತೆ ಎಂದೆಲ್ಲ ವಿವರಿಸಿದರು. ಯಂಕವ್ವ ಕೇಳುತ್ತಿದ್ದಳು. ಅವಳಿಗೆ ಇದೆಲ್ಲ ಹೊಸದು ಎಂಬುದು ಅವಳ ಹುಬ್ಬಿನಲ್ಲಿ ಗೌತಮನಿಗೆ ಕಾಣುತ್ತಿತ್ತು.

"ಗೌತಮ್ ಸರ್ ನಿಮ್ಮ ಮನೀತನಕ ಬಂದು ಎಲ್ಲಾ ಹೇಳ್ಯಾರ. ಆದ್ರೂ ಹುಡುಗೀನ್ನ ಕಳಿಸೀರಿ. ಯಾಕ?"

ಯಂಕವ್ವ ಗೌತಮನ ಕಡೆ ತಿರುಗಿದಳು.

ಅವನು ಮೇಜಿನ ಮೇಲಿನ ಗಾಜನ್ನು ನೋಡುತ್ತಿದ್ದ. ಗಾಜಿನ ಕೆಳಗೆ ಹಳೆಯ ವರ್ಷಗಳ ಗ್ರೂಪ್ ಫೋಟೊಗಳಿದ್ದವು. ಫ್ಯಾನು ತಿರುಗುತ್ತಿತ್ತು. ಈಗ ಬಾಯಿ ತೆರೆಯಬೇಕಾದವನು ತಾನು ಎಂದು ಗೊತ್ತಿತ್ತು, ನಾಲಿಗೆ ಒಣಗಿತ್ತು, ಆ ಒಣಗಿದ್ದನ್ನೇ ಒಂದು ಕಾರಣವಾಗಿ ಹಿಡಿದುಕೊಂಡು ಇನ್ನೊಂದು ಕ್ಷಣ ಸುಮ್ಮನಿದ್ದ. ಅಷ್ಟು ಸಾಕಾಯಿತು.

"ಹೌದ್ರಿ," ಎಂದಳು ಯಂಕವ್ವ. "ಹೇಳಿದ್ರು. ಬಿಡಿಸಿ ಬಿಡಿಸಿ ಹೇಳಿದ್ರು. ನಾನ ಕೇಳಲಿಲ್ಲ."

"ಯಾಕ ಕೇಳಲಿಲ್ಲ?"

"ಹಟಾ ರಿ. ಮುದುಕಿ ಹಟಾ ಅನ್ರಿ."

ಮೇಡಂ ಮುಖ ಕೆಂಪಾಯಿತು. ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದ ದಣಿವು ಒಮ್ಮೆಗೇ ದನಿಗೆ ಬಂತು. "ನಿಮ್ಮಂಥವರಿಗೆ ಎಷ್ಟು ಮಾಡಿದ್ರೂ ಇಷ್ಟ ನೋಡ್ರಿ. ನಿಮ್ಮ ಒಂದು ಹುಡುಗಿ ಸಲುವಾಗಿ ಅಷ್ಟೂ ಮಕ್ಕಳು ಬಿಸಿಲಾಗ ಕುಂದರಬೇಕು. ಅಂವ ಮನೀತನಕ ಬಂದು ಕೈ ಮುಗದು ಹೇಳಿದ್ರೂ ತಿಳಿಯಂಗಿಲ್ಲ."

ಕೋಣೆಯಲ್ಲಿ ಆ ಮಾತು ನಿಂತುಕೊಂಡಿತು. ಅದನ್ನು ಮೊದಲು ಕೇಳಿಸಿಕೊಂಡವರು ಮೇಡಂ ಅವರೇ ಇರಬೇಕು. ಗೌತಮನ ಕಡೆ ನೋಡಿ, ದನಿ ಇಳಿಸಿ, "ನಿಮಗಲ್ರಿ ಸರ್ ನಾ ಅಂದಿದ್ದು," ಎಂದರು.

"ಗೊತ್ತೈತ್ರಿ ಮೇಡಂ," ಎಂದ ಗೌತಮ.

ಆ ಕೋಣೆಯಲ್ಲಿ ಅವನು ಆಡಿದ್ದು ಅದೊಂದೇ ಮಾತು.

ಮೇಡಂ ಹಾಲ್ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟರು. ಕೊಡುವುದಿಲ್ಲ ಎನ್ನುವವರಲ್ಲ ಅವರು. ಯಂಕವ್ವ ಅದನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಮೊಮ್ಮಗಳ ಫೋಟೊ ಇರುವುದನ್ನು ನೋಡಿ, ಏಪ್ರನ್ನಿನ ಒದ್ದೆಯಾಗದ ಕಡೆ ಹಿಡಿದು ಹೊರಟಳು.

ಗೇಟಿನ ಹತ್ತಿರ ಗೌತಮ ಅವಳನ್ನು ಹಿಡಿದ. ಪೂನಮ್ ಸ್ವಲ್ಪ ಮುಂದೆ ನಡೆದು ನಿಂತಳು. ಅವನು ಆಯಿ ಎಂದ.

"ಅವತ್ತ ಚಾ ಕುಡದು ಸುಮ್ಮನ ಎದ್ದು ಹೋದ್ಯಲ್ಲ, ಆವಾಗ ಅನಿಸ್ತು ನನಗ, ಇವನ ಹೊಟ್ಟ್ಯಾಗ ಏನೋ ಐತಿ ಅಂತ," ಎಂದಳು ಯಂಕವ್ವ. ಈ ಸಲ 'ಸರ' ಎಂದು ತಿದ್ದಿಕೊಳ್ಳಲಿಲ್ಲ. "ಇರಲಿ ಬಿಡು. ನೌಕರಿ ಮಾಡೋ ಹುಡುಗ ನೀ. ಅವರ ಕೂಡ ದಿನಾ ಕುಂತು ಉಣ್ಣಾವ. ನನಗ ಇಂಥಾ ಮಾತು ಹೊಸಾವೇನಲ್ಲ."

"ನಾ ಹೋಗಿ ಹೇಳ್ತೇನ್ರಿ ಆಯಿ. ಈಗ ಹೇಳ್ತೇನಿ."

"ಏನಂತ ಹೇಳ್ತಿ? ನಾ ಸುಳ್ಳಾಡಿದೆ ಅಂತೇನು?" ಎಂದು ಅವನ ಮುಖ ನೋಡಿದಳು. ಅದರಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು. "ಹುಡುಗಿ ಕುಂದರ್ತಾಳಿಲ್ಲೋ ಪರೀಕ್ಷಿಗೆ?"

"ಕುಂದರ್ತಾಳ್ರಿ."

"ಮತ್ತೇನ," ಎಂದು ಅವಳು ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಕಾರ್ಖಾನೆಯ ಕಡೆ ನಡೆದಳು. ಎರಡನೇ ಪಾಳಿಯ ಪಾತ್ರೆ ಕಾದಿತ್ತು.

ಪೂನಮ್ ಪರೀಕ್ಷೆ ಬರೆದಳು. ಕನ್ನಡದಲ್ಲಿ ಹೇಗೋ ದಾಟಿದಳು, ಗಣಿತದಲ್ಲಿ ಗೌತಮ ಎಣಿಸಿದ್ದಕ್ಕಿಂತ ಹೆಚ್ಚು ಬಂತು. ಸಮಾಜ ವಿಜ್ಞಾನದಲ್ಲಿ ಬಿದ್ದಳು. ಶಾಲೆಯಲ್ಲಿ ಬಿದ್ದವಳು ಅವಳೊಬ್ಬಳೇ. ಮುರುಗೆಪ್ಪನವರು ಫೋನಿನಲ್ಲಿ ಬೇಜಾರು ಮಾಡಿಕೊಂಡರಂತೆ. ಟ್ರಸ್ಟಿನವರು ಮುಂದಿನ ವರ್ಷ ನೋಡೋಣ ಎಂದರಂತೆ. ಆ ದುಡ್ಡಿನಲ್ಲಿ ನವನಗರದ ಕಡೆಯ ಯಾವುದೋ ಶಾಲೆಗೆ ಕೊಠಡಿ ಎದ್ದಿತು ಎಂದು ಸುದ್ದಿ ಬಂತು.

ಗೌತಮ ರಜೆಯಲ್ಲೂ ಶಾಲೆಗೆ ಬಂದು ಪೂನಮ್‌ಗೆ ಆ ಒಂದು ವಿಷಯ ಹೇಳಿಕೊಟ್ಟ. ಎರಡನೇ ಪರೀಕ್ಷೆಯಲ್ಲಿ ಅವಳು ಪಾಸಾಗಿ ಸರ್ಕಾರಿ ಕಾಲೇಜಿಗೆ ಸೇರಿದಳು. ಅರಫಾತನನ್ನೂ ಪರೀಕ್ಷೆಗೆ ಕೂಡಿಸಬೇಕೆಂದು ಮಲ್ಲಿಕಸಾಬ ಎರಡು ಸಲ ಗ್ಯಾರೇಜಿಗೆ ಹೋಗಿ ಬಂದ. ಹುಡುಗ ನಗುತ್ತ ಚಹಾ ತರಿಸಿಕೊಟ್ಟನಂತೆ, ಬರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾದಾಗ ಒಂಬತ್ತನೇ ತರಗತಿಗೆ ಹೊಸ ಮಕ್ಕಳು ಬಂದು ಅದೇ ಕಟ್ಟೆಯ ಮೇಲೆ ಕೂತರು. ಮಳೆ ಬಂದರೆ ಎದ್ದು ಹತ್ತನೆಯವರ ಕೋಣೆಯ ಗೋಡೆಗುಂಟ ನಿಲ್ಲುತ್ತಿದ್ದರು. ವಿಲೀನದ ಮಾತು ಇನ್ನೂ ಗಾಳಿಯಲ್ಲೇ ಇತ್ತು. ದಾಕ್ಷಾಯಿಣಿ ಮೇಡಂ ಮತ್ತೆ ಓಡಾಟ ಶುರು ಮಾಡಿದರು. ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕಿ ಭಾಗ್ಯಶ್ರೀ ಅವರಿಗೆ ಊಟದ ಹೊತ್ತಿನಲ್ಲಿ ಕಳೆದ ವರ್ಷದ ಕಥೆ ಹೇಳಿದರು. ನಮ್ಮ ಗೌತಮ್ ಸರ್ ಆ ಮನೆಗೆ ಹೋಗಿ ಎಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದರು, ಆ ಮುದುಕಿಯೊಬ್ಬಳು ಕೇಳಲಿಲ್ಲ, ಅವಳ ಹಟದಿಂದ ನಾಲ್ಕು ಕೊಠಡಿ ಹೋದವು ಎಂದರು. ಹೇಳುತ್ತ ಅವನ ಡಬ್ಬಿಯಿಂದ ಪಲ್ಯ ಬಡಿಸಿಕೊಂಡರು. ಮಲ್ಲಿಕಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗೌತಮನ ಮುಖ ನೋಡಿದ.

ಯಂಕವ್ವನ ಮನೆಯಲ್ಲಿ ತಾನು ಚಹಾ ಕುಡಿದು ಬಂದೆನೇ ಹೊರತು ಆ ವಿಷಯ ಎತ್ತಲೇ ಇಲ್ಲ ಎಂದು ಗೌತಮ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.